ಕಟ್ಟಿದ ಕಾಲಲ್ಲಿ ಗದ್ದೆಗಿಳಿದ ಲೆಕ್ಕ: ನನ್ನ ಅನುಭವ

ಮಂಡಿಯ ಕೆಳಗೆ ಕಾಲು ತೆಗೆಸಿಕೊಂಡವರಿಗೆ ಊರು ಕೊಡುವ ಸಲಹೆ ಒಂದೇ: "ಒಂದು ಅಂಗಡಿ ಇಟ್ಕೊಂಡು ಕೂತ್ಕೊ ಮಾರಾಯ." ನನಗೂ ಅದೇ ಸಿಕ್ಕಿತು. ಈಗ ನಾಲ್ಕನೇ ಮಳೆಗಾಲ, ಕಟ್ಟಿದ ಕೃತಕ ಕಾಲಲ್ಲೇ ನಾಟಿ ಗದ್ದೆಗೆ ಇಳಿಯುತ್ತಿದ್ದೇನೆ. ಅದಕ್ಕೇ ಬರೆಯುವ ಧೈರ್ಯ ಬಂತು. ಬ್ಯಾಂಡೇಜು ಎಂಟರ ಆಕಾರದಲ್ಲಿ ಸುತ್ತುವುದು, ಮಂಡಿಯಡಿ ದಿಂಬು ಇಡದಿರುವುದು, ದಿನಾ ಸ್ವಲ್ಪ ಹೊತ್ತು ಕವುಚಿ ಮಲಗುವುದು, ಇವೆಲ್ಲ ನನ್ನ ಹಾಗೆ ಕಾಲು ಹೋದ ನಿಮಗೆ ಗೊತ್ತಿರುವುದೇ. ಅದರ ಮುಂದಿನದಷ್ಟೇ ಹೇಳುತ್ತೇನೆ.

ಮೊದಲು ನೋಟ್‌ಬುಕ್ಕಿನ ವಿಷಯ. ಕಾಲು ಹೋದ ಮೇಲೆ ಎಲ್ಲರನ್ನೂ ಕಾಡುವುದು "ನಾನೀಗ ಯಾರು" ಎನ್ನುವುದು. ನಿನ್ನೆವರೆಗೆ "ಹೆಗಡೇರು", "ಗೌಡ್ರು" ಎಂದವರು ಇವತ್ತು ಹೆಸರಿನ ಹಿಂದೆ "ಪಾಪ" ಸೇರಿಸುತ್ತಾರೆ. ನನ್ನ ಅಂಗವೈಕಲ್ಯದ ಕಾರ್ಡಿನಲ್ಲಿ ಶೇಕಡ 60 ಎಂದು ಬರೆದುಕೊಟ್ಟರು. ಕಾರ್ಡು ಮಾಡಿಸಿ, ಪಿಂಚಣಿಗೂ ಅರ್ಜಿ ಹಾಕಿ, ನಾಚಿಕೆ ಬೇಡ. ನನಗೆ ತಿಂಗಳಿಗೆ 800 ರೂಪಾಯಿ ಬರುತ್ತದೆ, ಕತ್ತರಿಸಿದ ಕಾಲಿನ ತುದಿಗೆ ಹಾಕುವ ಕಾಲುಚೀಲದ ಖರ್ಚಿಗೆ ಆಯಿತು. ಆದರೆ ಆ ಶೇಕಡ 60 ಎನ್ನುವುದು ಮೂಳೆ ಎಲ್ಲಿ ಕತ್ತರಿಸಿದೆ ಎನ್ನುವುದರ ಅಳತೆ ಅಷ್ಟೇ. ನನ್ನ ಅಳತೆಗೆ ನಾನು ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು ತಂದೆ. ಎಡಪುಟದಲ್ಲಿ "ನಾನು ಮಾಡಿದ್ದು", ಬಲಪುಟದಲ್ಲಿ "ಮಾಡಿಸಿದ್ದು", ಅದರ ಪಕ್ಕ ಕೊಟ್ಟ ಕೂಲಿ. ಸಂಜೆ ಐದು ನಿಮಿಷದ ಕೆಲಸ. ಮೊದಲ ತಿಂಗಳು ಎಡಕ್ಕೆ ಎರಡೇ ಬಾಬ್ತು: ಹಾಲು ಕರೆಯುವುದು, ಅಡಿಕೆ ಸುಲಿಯುವುದು. ಬಲಕ್ಕೆ ಹನ್ನೊಂದೋ ಹನ್ನೆರಡೋ. ಸಮಾಧಾನ ಹೇಳಲು ಬಂದವರ ಮಾತಿಗಿಂತ ಈ ಎರಡು ಪುಟ ಹೆಚ್ಚು ಕೆಲಸ ಮಾಡಿದವು, ಯಾಕೆಂದರೆ ಮುಂದೆ ಯಾವ ಬಾಬ್ತನ್ನು ಎಡಕ್ಕೆ ತರಬೇಕು ಅಂತ ಅಲ್ಲೇ ಕಾಣುತ್ತಿತ್ತು.

ಕೆಲಸಕ್ಕಿಂತ ಮೊದಲು ನಿದ್ದೆ ಬೇಕು. ನಿದ್ದೆ ಕೆಡಿಸುವುದು ಫ್ಯಾಂಟಮ್ ನೋವು, ಅಂದರೆ ಇಲ್ಲದ ಕಾಲಿನಲ್ಲಿ ಕಾಣಿಸುವ ನೋವು. ಇಲ್ಲದ ಹೆಬ್ಬೆರಳು ಒಳಕ್ಕೆ ಮಡಚಿ ಸಿಕ್ಕಿಹಾಕಿಕೊಂಡ ಹಾಗೆ ಎಂದರೆ ನಿಮಗೆ ಅರ್ಥವಾಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯಿಂದ ಅರ್ಧ ಇಳಿಯಿತು, ಉಳಿದರ್ಧ ಇಳಿಸಿದ್ದು ಕನ್ನಡಿ. 1990ರ ದಶಕದಲ್ಲಿ ಸ್ಯಾನ್ ಡಿಯಾಗೊದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕೈ ಕಳೆದುಕೊಂಡವರಿಗೆ ಒಂದು ಪೆಟ್ಟಿಗೆ, ಒಂದು ಕನ್ನಡಿ ಇಟ್ಟು ಮಾಡಿದ ಉಪಾಯ ಇದು. ಕಾಲಿಗೆ ಪೆಟ್ಟಿಗೆ ಬೇಡ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕನ್ನಡಿಗೆ ಮರದ ಚೌಕಟ್ಟು ಹಾಕಿಸಿ. ನನಗೆ ಆರುನೂರರ ಸುಮಾರು ಬಿತ್ತು. ಕಾಲು ಚಾಚಿ ಕೂತು ಎರಡು ತೊಡೆಯ ನಡುವೆ ಅದನ್ನು ನಿಲ್ಲಿಸಬೇಕು. ಮುಖ ಒಳ್ಳೆಯ ಕಾಲಿನ ಕಡೆಗೆ, ಕತ್ತರಿಸಿ ಉಳಿದ ಮೋಟುಗಾಲು ಹಿಂದೆ ಮರೆಯಲ್ಲಿ. ಕನ್ನಡಿ ನೋಡುತ್ತಾ ಪಾದ ಮೇಲೆ, ಕೆಳಗೆ, ಬೆರಳು ಮಡಚು, ಬಿಚ್ಚು. ಇಲ್ಲದ ಕಾಲಲ್ಲೂ ಅದನ್ನೇ ಮಾಡುತ್ತಿದ್ದೇನೆ ಎಂದುಕೊಂಡೇ ಮಾಡಬೇಕು. ಒಂದು ಸಲಕ್ಕೆ 15 ನಿಮಿಷ, ಬೆಳಿಗ್ಗೆ ಸಂಜೆ.

ಇದರಲ್ಲಿ ಮೂರು ಸಲ ಸೋತೆ. ಬೀರುವಿನ ಚಿಕ್ಕ ಕನ್ನಡಿ ತಂದಾಗ ಬೆರಳೇ ಕಾಣಲಿಲ್ಲ. ದೊಡ್ಡದು ತಂದ ಮೇಲೆ ಬೇಗ ಗುಣವಾಗಲಿ ಎಂದು ಸರಸರ ಆಡಿಸಿದರೆ ನೋವು ಇನ್ನೂ ಬಿಗಿಯಿತು. ಒಂದು ಚಲನೆಗೆ ನಾಲ್ಕು ಎಣಿಸುವಷ್ಟು ನಿಧಾನ ಬೇಕು. ಮೂರನೆಯದು ತಮಾಷೆ: ಒಳ್ಳೆಯ ಕಾಲಿಗೆ ದೃಷ್ಟಿಯ ಕಪ್ಪು ದಾರ ಕಟ್ಟಿದ್ದರು. ಹೋದ ಕಾಲಿಗೆ ದಾರ ಇರಲೇ ಇಲ್ಲವಲ್ಲ, ಕನ್ನಡಿಯಲ್ಲಿ ಕಂಡದ್ದು ಯಾರದೋ ಕಾಲು ಅನ್ನಿಸುತ್ತಿತ್ತು. ಬಿಚ್ಚಿದೆ. ಹೆಬ್ಬೆರಳು ಬಿಚ್ಚಿಕೊಂಡದ್ದು ಮೂರನೇ ವಾರದ ಕೊನೆಗೆ. ಎಲ್ಲರಿಗೂ ಆಗುತ್ತದೆ ಎನ್ನಲಾರೆ. ತಲೆ ಸುತ್ತಿದರೆ, ಅಳು ಉಕ್ಕಿದರೆ ಅವತ್ತಿಗೆ ಐದೇ ನಿಮಿಷಕ್ಕೆ ನಿಲ್ಲಿಸಿ.

ಪಕ್ಕದಲ್ಲೊಂದು ಪ್ರಯೋಗವೂ ನಡೆಯಿತು. ಗಾಯ ಪೂರ್ತಿ ಮಾಗಿದ ಮೇಲೂ ಚರ್ಮಕ್ಕೆ ಬಟ್ಟೆ ತಾಗಿದರೆ ಜುಮ್ಮೆನ್ನುತ್ತಿತ್ತು. ಬಕೆಟ್ಟಿನಲ್ಲಿ ರಾಗಿ ತುಂಬಿ ಮೋಟನ್ನು ಅದರಲ್ಲಿ ಹತ್ತು ನಿಮಿಷ ತಿರುವುತ್ತಿದ್ದೆ. ಒಂದು ವಾರ ರಾಗಿ, ಆಮೇಲೆ ಅಕ್ಕಿ, ಕೊನೆಗೆ ಭತ್ತ. ಅವಸರದಲ್ಲಿ ಭತ್ತಕ್ಕೆ ಬೇಗ ಹಾರಿ ಮೈಯೆಲ್ಲ ತುರಿಕೆ ಎದ್ದಿತು. ರಾಗಿ, ಅಕ್ಕಿ ಸಾಕು.

ಇನ್ನು ದುಡ್ಡು. ಮೊದಲ ಕೃತಕ ಕಾಲಿಗೆ 38,000 ರೂಪಾಯಿಯ ಆಸುಪಾಸು ಕೊಟ್ಟೆ. ಒಳಗೆ ಕೊಳವೆ, ಮೇಲೆ ಸ್ಪಂಜು, ನೋಡಲು ಚೆಂದ. ಟೈಲ್ಸಿನ ಮೇಲೆ ನಡೆಯುವವರಿಗೆ ಹೇಳಿ ಮಾಡಿಸಿದ್ದು. ಕೆಸರು ನೀರು ಒಳಗೆ ಸೇರಿ ಐದೇ ತಿಂಗಳಿಗೆ ಪಾದದ ಅಂಟು ಬಿಟ್ಟಿತು. ಎರಡನೆಯದು ಜೈಪುರ ಕಾಲು. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮ, ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ಪಾದ, ಬರಿಗಾಲಲ್ಲಿ ನಡೆಯುವ ನಮ್ಮಂಥವರಿಗೆಂದೇ ಮಾಡಿದ್ದು. ಹೊರಗೆಲ್ಲ ರಬ್ಬರು, ನೀರಿಗೆ ಅಂಜುವುದಿಲ್ಲ, ಪಾದ ಎಲ್ಲ ಕಡೆಗೂ ಬಾಗುತ್ತದೆ. ಶಿಬಿರದಲ್ಲಿ ಉಚಿತವಾಗಿ ಸಿಕ್ಕಿತು. ಓಡಾಟಕ್ಕೆ, ಊಟಕ್ಕೆ ಮೂರು ಸಾವಿರ ಹೋಗಿರಬಹುದು. ತೂಕ ಒಂದೂವರೆ ಕಿಲೋ ಹತ್ತಿರ. ತೋಟಕ್ಕೆ ಇದೇ ಸರಿ.

ಆದರೆ ಕಾಲು ಎಷ್ಟೇ ಒಳ್ಳೆಯದಿರಲಿ, ಸಾಕೆಟ್, ಅಂದರೆ ಮೋಟು ಕೂರುವ ಮೇಲಿನ ಬಟ್ಟಲು, ಸರಿಯಾಗಿ ಕೂರದಿದ್ದರೆ ಎಲ್ಲ ದಂಡ. ಬೆಳಿಗ್ಗೆ ಮೋಟು ಉಬ್ಬಿರುತ್ತದೆ, ಕೆಲಸ ಮಾಡುತ್ತಾ ಇಳಿಯುತ್ತದೆ. ಬೆಳಿಗ್ಗೆ ಒಂದು ಕಾಲುಚೀಲ ಹಾಕಿಕೊಂಡು ಹೊರಟವನು ಹತ್ತು ಗಂಟೆಗೆ ಇನ್ನೊಂದು, ಊಟದ ಮೇಲೆ ಮೂರನೆಯದು ಸೇರಿಸುತ್ತೇನೆ. ಸೇರಿಸದಿದ್ದರೆ ಮೋಟು ಕೆಳಗೆ ಜಾರಿ ಮೂಳೆಯ ತುದಿ ತಳಕ್ಕೆ ಬಡಿಯುತ್ತದೆ. ತೊಳೆಯುವುದು ರಾತ್ರಿ ಮಾತ್ರ. ಬೆಳಿಗ್ಗೆ ತೊಳೆದರೆ ಚರ್ಮ ಹಸಿಯಾಗಿ ಸಾಕೆಟ್ಟಿಗೆ ಅಂಟಿ ಕೀಳುತ್ತದೆ.

ಎಲ್ಲಿ ಒತ್ತುತ್ತಿದೆ ಅಂತ ನೋಡಲು ಕೆಂಪಾದ ಜಾಗಕ್ಕೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಕಾಲು ಹಾಕಿ ಹತ್ತು ಹೆಜ್ಜೆ ನಡೆದು ತೆಗೆಯಿರಿ. ಸಾಕೆಟ್ಟಿನೊಳಗೆ ಬಣ್ಣ ಹತ್ತಿದಲ್ಲೇ ತಪ್ಪು. ಕಾಲು ತೆಗೆದ ಮೇಲೆ ಚರ್ಮದ ಕೆಂಪು ಹತ್ತು ನಿಮಿಷದಲ್ಲಿ ಹೋದರೆ ಚಿಂತೆಯಿಲ್ಲ, ಹೋಗದಿದ್ದರೆ ಅವತ್ತು ಕಾಲು ಕಟ್ಟಬೇಡಿ. ಮೋಟಿನ ತುದಿ ಸಾಕೆಟ್ಟಿನ ತಳಕ್ಕೆ ತಾಗುತ್ತಿದೆಯೋ ಇಲ್ಲವೋ ನೋಡಲು ನೆಲ್ಲಿಕಾಯಿ ಗಾತ್ರದ ಚಪಾತಿ ಹಿಟ್ಟಿನ ಉಂಡೆ ಒಳಗೆ ಹಾಕಿ ನಿಂತುಕೊಳ್ಳಿ. ಸ್ವಲ್ಪ ಚಪ್ಪಟೆಯಾಗಬೇಕು. ಉಂಡೆ ಉಂಡೆಯಾಗಿಯೇ ಇದ್ದರೆ ತಳದಲ್ಲಿ ಖಾಲಿ ಇದೆ, ಮೋಟಿನ ತುದಿಗೆ ರಕ್ತ ಇಳಿದು ಕಪ್ಪಾಗಿ ಗಟ್ಟಿಯಾಗುತ್ತದೆ. ಕುಕ್ಕರಗಾಲಲ್ಲಿ ಕೂರುವಾಗ ಸಾಕೆಟ್ಟಿನ ಹಿಂದಿನ ಅಂಚು ತೊಡೆಗೆ ಚುಚ್ಚುತ್ತಿತ್ತು. ಮನೆಯ ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಬಗ್ಗಿಸಲು ಅರ್ಧ ದಿನ ಕಳೆದೆ, ಕೂದಲಷ್ಟೂ ಬಗ್ಗಲಿಲ್ಲ. ಕಾಲು ಮಾಡುವವರ ಹತ್ತಿರ ಹೀಟ್ ಗನ್ ಇರುತ್ತದೆ, ಅವರಿಗೆ ಎರಡು ನಿಮಿಷ.

ಕೆಸರಿನಲ್ಲಿ ಕಷ್ಟ ಹೆಜ್ಜೆ ಇಡುವುದಲ್ಲ, ಕೀಳುವುದು. ನೇರ ಎಳೆದರೆ ಪಾದ ಕೆಸರಲ್ಲೇ ಉಳಿದು ಮೋಟು ಸಾಕೆಟ್ಟಿನಿಂದ ಹೊರಬರುತ್ತದೆ. ಸಾಕೆಟ್ಟನ್ನು ಹಿಡಿದಿಡುವ ಪಟ್ಟಿಯೊಂದನ್ನೇ ನಂಬಬೇಡಿ. ಮೊದಲು ಹಳೇ ಸೈಕಲ್ ಟ್ಯೂಬು ಮಂಡಿಗೆ ಏರಿಸಿದೆ: ಹಿಡಿತ ಗಟ್ಟಿ, ಆದರೆ ಬೆವರಿಗೆ ಬೊಬ್ಬೆ. ಈಗ ಆಟಗಾರರು ಹಾಕುವ ನೀ ಕ್ಯಾಪ್, 350 ರೂಪಾಯಿಯದು, ಅರ್ಧ ಸಾಕೆಟ್ ಮೇಲೆ, ಅರ್ಧ ತೊಡೆಯ ಮೇಲೆ. ಕೀಳುವಾಗ ಪಾದವನ್ನು ಪಕ್ಕಕ್ಕೆ ಸ್ವಲ್ಪ ಅಲ್ಲಾಡಿಸಿ ಕೆಸರಿನೊಳಗೆ ಗಾಳಿ ಹೋಗಲು ಬಿಟ್ಟು, ಹಿಮ್ಮಡಿ ಮೊದಲು ಎತ್ತಬೇಕು. ಬದು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕಟ್ಟಿದ ಕಾಲು ಮುಂದೆ. ಬಸಿಗಾಲುವೆಯ ಸಂಕ (ಕಾಲುಸೇತುವೆ) ದಾಟಲು ನನ್ನದೇ ಒಂದು ಉಪಾಯವಿದೆ, ಪಾದದ ಅಡಿಗೆ ಅಂಟಿಸಿದ ಒಂದು ವಸ್ತುವೂ ಇದೆ. ಅದನ್ನು ಬರೆಯುವುದಿಲ್ಲ. ಓದಿ ಮಾಡಲು ಹೋಗಿ ಬಿದ್ದಾರು. ಎದುರಿಗೆ ಬಂದವರಿಗೆ ತೋರಿಸುತ್ತೇನೆ.

ಹದಿನಾಲ್ಕನೇ ತಿಂಗಳಿಗೆ ನೋಟ್‌ಬುಕ್ಕಿನ ಎಡಪುಟ ಬಲಪುಟವನ್ನು ದಾಟಿತು. ಕಳೆದ ವರ್ಷ ಉಳಿದ ಕೂಲಿ ನಲವತ್ತು ಸಾವಿರದ ಮೇಲೆ. ಅಂಗಡಿ ಇಡು ಎಂದವರಲ್ಲೊಬ್ಬರು ಮೊನ್ನೆ ನಾಟಿಗೆ ಆಳು ಸಿಗದೆ "ನೀವೇ ಒಂದು ದಿನ ಬರ್ತೀರಾ" ಎಂದು ಕೇಳಿದರು. ಬಲಕ್ಕೆ ಈಗ ಉಳಿದಿರುವುದು ಮರ ಹತ್ತಿ ಔಷಧಿ ಹೊಡೆಯುವುದು, ಅಡಿಕೆ ಕೊನೆ ಕೊಯ್ಯುವುದು. ಅವೆರಡನ್ನೂ ಎರಡು ಕಾಲಿದ್ದಾಗಲೂ ನಾನು ಮಾಡಿದವನಲ್ಲ.