‘ಹೊಂದಿಕೊಂಡು ಹೋಗಿ’ ಎನ್ನುವ ಮೊದಲು

ಜಿಲ್ಲಾ ಆಸ್ಪತ್ರೆಯ ಮನೋವೈದ್ಯನಾದ ನನ್ನ ಬಳಿಗೆ ಬರುವವರಲ್ಲಿ ಅನೇಕರು ಅದಕ್ಕೂ ಮೊದಲು ಬೇರೆ ವಿಭಾಗಗಳನ್ನೆಲ್ಲ ಸುತ್ತಿರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿರುವ ಈ ಪ್ರೌಢಶಾಲಾ ಶಿಕ್ಷಕರೂ ಎದೆ ಬಿಗಿತಕ್ಕೆ ಇಸಿಜಿ, ಸುಸ್ತಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದರು. ಎರಡರಲ್ಲೂ ದೋಷವಿರಲಿಲ್ಲ. ಮೂರು ವಾರಗಳಿಂದ ನಿದ್ದೆ ಮಾತ್ರೆ ನುಂಗುತ್ತಿದ್ದರೂ ಮಧ್ಯರಾತ್ರಿ ದಾಟುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ.

“ಮೇಷ್ಟ್ರೇ, ಇದು ಶುರುವಾಗಿದ್ದು ಯಾವಾಗ?” ಎಂದು ಕೇಳಿದೆ. ಅವರು ಅಂಗಿಯ ಜೇಬಿನಿಂದ ವರ್ಗಾವಣೆ ಆದೇಶದ ಪ್ರತಿಯನ್ನು ತೆಗೆದರು. ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಹರಿಯುವಂತಿತ್ತು. ಆರು ವಾರಗಳಿಂದ ದಿನಕ್ಕೆ ಹತ್ತಾರು ಸಲ ಅದನ್ನೇ ಬಿಚ್ಚಿ ಓದುತ್ತಿದ್ದರಂತೆ. ಲಕ್ವ ಹೊಡೆದ ತಾಯಿಯನ್ನು ಊರಿನಲ್ಲಿ ಬಿಟ್ಟಿರಲಾರದೆ ಅವರು ದಿನವೂ ಐದು ಗಂಟೆ ಬಸ್ಸಿನಲ್ಲಿ ಕಳೆಯುತ್ತಿದ್ದರು.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11, ‘ಹೊಂದಾಣಿಕೆಯ ತೊಂದರೆ’ (ಅಡ್ಜಸ್ಟ್‌ಮೆಂಟ್ ಡಿಸಾರ್ಡರ್) ಎಂಬ ಈ ಕಾಯಿಲೆಯನ್ನು ಹೀಗೆಯೇ ವಿವರಿಸುತ್ತದೆ: ಒತ್ತಡದ ಘಟನೆ ನಡೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮನಸ್ಸು ಅದರಲ್ಲೇ ಸಿಲುಕಿಕೊಳ್ಳುತ್ತದೆ, ಕೆಲಸ ಮತ್ತು ಸಂಸಾರ ಏರುಪೇರಾಗುತ್ತವೆ, ಒತ್ತಡ ಮುಂದುವರಿಯದಿದ್ದರೆ ಆರು ತಿಂಗಳಲ್ಲಿ ಶಮನವಾಗುತ್ತದೆ. ಲಕ್ಷಣಗಳು ಖಿನ್ನತೆಯ ಮಟ್ಟ ಮುಟ್ಟಿದ್ದರೆ ಅದನ್ನು ಖಿನ್ನತೆಯೆಂದೇ ಕರೆಯಬೇಕು. ಆದರೆ ಮೇಷ್ಟ್ರು ಭಾನುವಾರಗಳಲ್ಲಿ ಮಗಳಿಗೆ ಲೆಕ್ಕ ಹೇಳಿಕೊಡುತ್ತ ನಗುತ್ತಿದ್ದರು, ಚೆನ್ನಾಗಿ ಉಣ್ಣುತ್ತಿದ್ದರು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಏಕೆಂದರೆ ಈ ತೊಂದರೆಯನ್ನು ಸಣ್ಣದೆಂದು ಬಗೆದು ಆ ಪ್ರಶ್ನೆಯನ್ನು ಬಿಡುವುದು ಅಪಾಯಕಾರಿ. ಬಂದಿಲ್ಲ ಎಂದರು, ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಜೊತೆಗೆ ಬಂದಿದ್ದ ಅವರ ಪತ್ನಿ, “ಎಲ್ಲರೂ ಹೊಂದಿಕೊಂಡು ಹೋಗುವುದಿಲ್ಲವೇ ಸಾರ್?” ಎಂದರು. ಈ ಕಾಯಿಲೆಗೆ ಕನ್ನಡದಲ್ಲಿ ನಾವು ಕೊಟ್ಟಿರುವ ‘ಹೊಂದಾಣಿಕೆಯ ತೊಂದರೆ’ ಎಂಬ ಹೆಸರು ರೋಗಿಯ ಸ್ವಭಾವವನ್ನೇ ದೂರುವಂತೆ ಕೇಳಿಸುತ್ತದೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಹೊತ್ತ ಭಾರ ಹೆಚ್ಚಾದಾಗ ಬೆನ್ನು ಬಾಗುವುದು ಬೆನ್ನಿನ ತಪ್ಪಲ್ಲ ಎಂದು ಅವರಿಗೆ ಹೇಳಿದೆ.

ಹೊಸ ಮಾತ್ರೆ ಬರೆಯದೆ, ನಿದ್ದೆ ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿದೆ. ವಾರಕ್ಕೊಂದರಂತೆ ನಾಲ್ಕು ಭೇಟಿಗಳಲ್ಲಿ ಒಂದೊಂದೇ ಸಮಸ್ಯೆ ಕೈಗೆತ್ತಿಕೊಂಡೆವು: ಶಾಲೆಯ ಹತ್ತಿರ ಬಾಡಿಗೆ ಕೋಣೆ, ತಾಯಿಯನ್ನು ನೋಡಿಕೊಳ್ಳಲು ಅಕ್ಕನ ನೆರವು, ಇಲಾಖೆಗೆ ವೈದ್ಯಕೀಯ ದಾಖಲೆ ಸಹಿತ ಮನವಿ. ಆದೇಶದ ಪ್ರತಿಯನ್ನು ಪತ್ನಿ ಬೀರುವಿನಲ್ಲಿಟ್ಟರು. ಆ ಚಿಂತೆಗೆ ಸಂಜೆ ಇಪ್ಪತ್ತು ನಿಮಿಷ ಮಾತ್ರ ಮೀಸಲು.

ನಾಲ್ಕನೆಯ ಭೇಟಿಯ ಹೊತ್ತಿಗೆ ವರ್ಗಾವಣೆ ರದ್ದಾಗಿರಲಿಲ್ಲ, ನಿದ್ದೆ ಮಾತ್ರ ಬರತೊಡಗಿತ್ತು. ಒತ್ತಡದ ಮೂಲ ಹಾಗೆಯೇ ಇದ್ದುದರಿಂದ ಮೂರು ತಿಂಗಳ ಬಳಿಕ ಮತ್ತೆ ಬರಬೇಕೆಂದು ಚೀಟಿಯಲ್ಲಿ ದಿನಾಂಕ ಬರೆದುಕೊಟ್ಟೆ.