ಗಿಡ ಬಾಡಿದೆ, ಏನು ಹೊಡೀಲಿ?

ಬೆಂಗಳೂರಿನ ನಮ್ಮ ಮನೆ ಮಹಡಿ ಮೇಲೆ ಬೆಂಡೆ, ಬದನೆ, ಹೀರೆ, ಮೆಣಸಿನಕಾಯಿ, ಒಂದಷ್ಟು ಸೊಪ್ಪು ಬೆಳೆಯುತ್ತೇನೆ. ಪರಿಚಯದವರು ಫೋನ್ ಮಾಡಿದರೆ ಒಂದೇ ಪ್ರಶ್ನೆ: ಗಿಡ ಬಾಡಿದೆ, ಏನು ಹೊಡೀಲಿ? ಮಣ್ಣಿಗೆ ಬೆರಳು ಹಾಕಿ ನೋಡಿದ್ರಾ ಅಂತ ನಾನು ಕೇಳುತ್ತೇನೆ.

ಕುಂಡಕ್ಕೆ ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮ ಪಾಲು ಹಾಕಿ, ಮೇಲೊಂದು ಹಿಡಿ ಬೇವಿನ ಹಿಂಡಿ ಬೆರೆಸುತ್ತೇನೆ. ಕೋಕೋಪೀಟ್ ಇರುವ ಮಣ್ಣು ಮೇಲೆ ಬೇಗ ಒಣಗುತ್ತದೆ, ಕೆಳಗೆ ಒದ್ದೆಯಾಗೇ ಇರುತ್ತದೆ. ಅದಕ್ಕೇ 2 ಇಂಚು ಒಳಗೆ ಬೆರಳು ಇಳಿಸಿ ನೋಡಬೇಕು. ಅಲ್ಲಿ ತೇವ ಇದ್ದರೆ ನೀರು ಬೇಡ. ನೀರಿಲ್ಲದೆ ಬಾಡಿದ ಗಿಡ, ನೀರು ಜಾಸ್ತಿಯಾಗಿ ಬೇರು ಕೊಳೆತ ಗಿಡ, ಎರಡೂ ನೋಡೋಕೆ ಒಂದೇ ಥರ. ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಬದನೆ ಎಲೆ ಸಂಜೆ ತಾನೇ ಎದ್ದು ನಿಲ್ಲುತ್ತದೆ. ಸುಮ್ನೆ ಗಾಬರಿ ಬೀಳಬೇಡಿ. ಬೆಳಿಗ್ಗೆ ಬುಡಕ್ಕೆ ನೀರು ಹಾಕಿ, ಮೇಲೆ ಒಣ ಎಲೆ ಮುಚ್ಚಿದರೆ ಸಾಕು.

ಇನ್ನು ಮೆಣಸಿನ ಗಿಡದ ಮುದುರು. ಎಲೆಯ ಅಂಚು ಮೇಲಕ್ಕೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ಅನ್ನೋ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಮಡಚಿದ್ದರೆ ನುಸಿ (ಮೈಟ್). ಎಲೆ ತಿರುಗಿಸಿ ನೋಡದೆ ಬಾಟಲಿ ಹಿಡಿಯಬಾರದು. ಮೊದಲು ಎಲೆಯಡಿಗೆ ಜೋರಾಗಿ ನೀರು ಚಿಮುಕಿಸುತ್ತೇನೆ. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ದ್ರಾವಣ, ಅದೂ ಬಿಸಿಲು ಇಳಿದ ಮೇಲೆ. ಬೆಂಡೆಯ ನರ ಹಳದಿಯಾದರೆ ಮಾತ್ರ ಔಷಧಿ ಹುಡುಕಲ್ಲ, ಕಿತ್ತು ಹಾಕುತ್ತೇನೆ. ಅದು ಬಿಳಿ ನೊಣ ಹರಡುವ ವೈರಸ್. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಈ ರೋಗ ತಡೆಯಲೆಂದೇ ಬೆಳೆಸಿದ ತಳಿ. ನಾನು ಅದನ್ನೇ ಬಿತ್ತುತ್ತೇನೆ.

ಹೀರೆಯಲ್ಲಿ ಪುಟ್ಟ ಕಾಯಿ ಹಳದಿಯಾಗಿ ಉದುರುವುದು ಎಷ್ಟೋ ಸಲ ರೋಗವೇ ಅಲ್ಲ, ಪರಾಗ ಸೇರಿರುವುದಿಲ್ಲ. ಮೂರನೇ ಮಹಡಿಗೆ ಜೇನು ಎಲ್ಲಿಂದ ಬರಬೇಕು, ಅಲ್ವಾ? ಹೀರೆ ಹೂ ಅರಳುವುದು ಸಂಜೆ. ಹೂವಿನ ಹಿಂದೆ ಬೆರಳಷ್ಟು ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು, ದಳ ಬಿಡಿಸಿ, ಹಳದಿ ಪುಡಿ ಇರುವ ಭಾಗವನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರುತ್ತೇನೆ. ಕೂಡಿದ್ದರೆ ಕೆಲವೇ ದಿನದಲ್ಲಿ ಕಾಯಿ ಉದ್ದವಾಗತೊಡಗುತ್ತದೆ. ಸೌತೆ, ಕುಂಬಳಕ್ಕೆ ಇದೇ ಕೆಲಸ ಬೆಳಿಗ್ಗೆ ಮಾಡಬೇಕು.

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಿರಿ. ತುದಿ ಚಟ್ ಅಂತ ಮುರಿದರೆ ಎಳೆಯದು. ಗಿಡದಲ್ಲೇ ಬಲಿಯಲು ಬಿಟ್ಟರೆ ಹೊಸ ಕಾಯಿ ಕಡಿಮೆಯಾಗುತ್ತದೆ. ಹೀರೆಯಲ್ಲಿ ಮಾತ್ರ ಒಳ್ಳೆಯ ಕಾಯಿ ಒಂದನ್ನು ಬಳ್ಳಿಯಲ್ಲೇ ಒಣಗಲು ಬಿಡುತ್ತೇನೆ. ಕಪ್ಪು ಬೀಜ ಮುಂದಿನ ಬಿತ್ತನೆಗೆ, ಉಳಿದ ನಾರು ಪಾತ್ರೆ ಉಜ್ಜೋಕೆ.