ಸಂಕಲ್ಪ ಜನವರಿ ದಾಟಬೇಕಾದರೆ

ಡಿಸೆಂಬರ್ 31ರ ರಾತ್ರಿ ‘ನಾಳೆಯಿಂದ ದಿನಾ ಒಂದು ಗಂಟೆ ವಾಕಿಂಗ್’ ಎಂದು ನಿಶ್ಚಯಿಸುವುದು ಸುಲಭ. ಆವತ್ತು ಹೊಟ್ಟೆ ತುಂಬಿರುತ್ತದೆ, ಹುಮ್ಮಸ್ಸಿರುತ್ತದೆ, ಮರುದಿನದ ಗಡಿಬಿಡಿ ಕಣ್ಣಿಗೆ ಕಾಣುವುದಿಲ್ಲ. ಜನವರಿ ಮೂರನೇ ವಾರದ ಯಾವುದೋ ಮಂಗಳವಾರ ಹಾಗಿರುವುದಿಲ್ಲ. ಹಿಂದಿನ ರಾತ್ರಿ ಕೆಲಸದಿಂದ ಬಂದದ್ದು ಒಂಬತ್ತೂವರೆಗೆ, ಮಗುವಿಗೆ ಕೆಮ್ಮು, ಬೆಳಿಗ್ಗೆ ಆರಕ್ಕೆ ನಲ್ಲಿ ನೀರು ಬಿಡುವ ಸರದಿ. ಸಂಕಲ್ಪ ಮುರಿಯುವುದು ಇಂಥ ದಿನ. ಹಾಗಾಗಿ ಅದರ ಅಳತೆ ತೆಗೆಯಬೇಕಾದದ್ದೂ ಇಂಥ ದಿನಕ್ಕೇ.

‘ಹೊಸ ವರ್ಷದ ಸಂಕಲ್ಪವೆಲ್ಲ ನಾಲ್ಕು ದಿನದ್ದು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅಮೆರಿಕದ ಸ್ಕ್ರಾಂಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ನಾರ್ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕಲ್ಪ ಮಾಡಿದವರ ಪೈಕಿ ಶೇ 46ರಷ್ಟು ಮಂದಿ ಆರು ತಿಂಗಳ ನಂತರವೂ ಅದನ್ನು ಉಳಿಸಿಕೊಂಡಿದ್ದರು. ಅಂಥದೇ ಬದಲಾವಣೆ ಬೇಕೆಂದುಕೊಂಡೂ ಸಂಕಲ್ಪ ಮಾಡದವರಲ್ಲಿ ಗೆದ್ದವರು ಶೇ 4 ಮಾತ್ರ. ಆದರೆ ಅವರದೇ ಹಿಂದಿನ ಇನ್ನೊಂದು ಅಧ್ಯಯನದಲ್ಲಿ 200 ಮಂದಿಯ ಪೈಕಿ ಮೊದಲ ವಾರ ದಾಟಿದವರು ಶೇ 77, ಎರಡು ವರ್ಷ ದಾಟಿದವರು ಶೇ 19. ನಿಶ್ಚಯ ಮಾಡುವುದರಿಂದ ಲಾಭವಿದೆ, ಅದು ದಾರಿಯಲ್ಲಿ ಸೋರಿಹೋಗುತ್ತದೆ ಎಂಬುದೂ ನಿಜ. ಸೋರುವ ಜಾಗಗಳನ್ನು ಮೊದಲೇ ಮುಚ್ಚಿಕೊಳ್ಳಬಹುದು.

ಆರಿಸುವುದು ಒಂದನ್ನೇ

ಡಿಸೆಂಬರ್ ಕೊನೆಯ ವಾರ ಒಂದು ಹಾಳೆಯಲ್ಲಿ ಬೇಕೆನಿಸಿದ್ದನ್ನೆಲ್ಲ ಬರೆಯಿರಿ. ನಡಿಗೆ, ಉಳಿತಾಯ, ಓದು, ಸಕ್ಕರೆ ಕಡಿಮೆ ಮಾಡುವುದು, ಏನಿದ್ದರೂ ಸರಿ. ಒಂದನ್ನು ಉಳಿಸಿ, ಮಿಕ್ಕವುಗಳ ಮುಂದೆ ‘ಯುಗಾದಿಗೆ’ ಎಂದು ಬರೆದು ಹಾಳೆ ಮಡಚಿಡಿ. ಜನವರಿ 1ರಿಂದ ಯುಗಾದಿಗೆ ಸುಮಾರು ಮೂರು ತಿಂಗಳು. ಒಂದು ಅಭ್ಯಾಸ ಬೇರೂರಲು ಹೆಚ್ಚುಕಡಿಮೆ ಅಷ್ಟು ಸಮಯ ಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಕೆಲಸವೊಂದು ತಾನಾಗಿಯೇ ನಡೆಯುವಂತಾಗಲು ಹಿಡಿಯುವ ಕಾಲ ಸರಾಸರಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನ (12 ವಾರ ಮೀರಿದ್ದು ಲೆಕ್ಕ ಹಾಕಿ ಕಟ್ಟಿದ ಅಂದಾಜು). ‘21 ದಿನದಲ್ಲಿ ಅಭ್ಯಾಸ’ ಎಂಬ ಮಾತನ್ನು ನಂಬಿದವರು 22ನೇ ದಿನವೂ ಕಷ್ಟವೆನಿಸಿದಾಗ ತಮ್ಮಲ್ಲೇ ದೋಷ ಹುಡುಕುತ್ತಾರೆ. ದೋಷ ಆ ಲೆಕ್ಕದ್ದು. ಜನವರಿ 1ಕ್ಕೆ ಶುರು ಮಾಡಿದರೆ 66ನೇ ದಿನ ಬರುವುದು ಮಾರ್ಚ್ 7ರ ಹೊತ್ತಿಗೆ.

ಒಂದೊಂದಾಗಿ ಹಿಡಿಯುವ ಕ್ರಮ ನಮ್ಮಲ್ಲಿ ಹೊಸದಲ್ಲ. ಮಾಧ್ವ ಮನೆಗಳ ಚಾತುರ್ಮಾಸ್ಯ ವ್ರತವನ್ನೇ ನೋಡಿ. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ಮೂರನೆಯದು ಹಾಲು ಬಿಡುವ ಕ್ಷೀರವ್ರತ, ಕೊನೆಗೆ ಬೇಳೆಕಾಳು ಬಿಡುವ ದ್ವಿದಳವ್ರತ. ನಾಲ್ಕನ್ನೂ ಒಟ್ಟಿಗೆ ಬಿಡುವುದಿಲ್ಲ. ಪ್ರತಿಯೊಂದಕ್ಕೂ ಹಿಡಿಯುವ ದಿನ, ಮುಗಿಸುವ ದಿನ ಗೊತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಡುಗೆಮನೆಯೇ ವ್ರತಕ್ಕೆ ಹೊಂದಿಕೊಂಡಿರುವುದರಿಂದ ಪ್ರತಿ ಊಟಕ್ಕೂ ಮನಸ್ಸನ್ನು ಬಿಗಿಹಿಡಿದು ಕೂರಬೇಕಾಗಿಲ್ಲ.

ಆರಿಸುವಾಗ ಫಲವನ್ನು ಬಿಟ್ಟು ಕೆಲಸವನ್ನು ಆರಿಸಿ. ‘ಹತ್ತು ಕೆ.ಜಿ. ಇಳಿಸುತ್ತೇನೆ’ ಎಂಬುದು ಫಲ. ಅದು ನಿಮ್ಮ ವಯಸ್ಸು, ಔಷಧ, ನಿದ್ದೆ ಎಲ್ಲವನ್ನೂ ಅವಲಂಬಿಸಿದೆ. ‘ರಾತ್ರಿ ಊಟ ಎಂಟೂವರೆಗೆ ಮುಗಿಸುತ್ತೇನೆ’ ಎಂಬುದು ಕೆಲಸ. ಆಯಿತೋ ಇಲ್ಲವೋ ಎಂದು ಆ ರಾತ್ರಿಯೇ ಹೇಳಬಹುದು.

ವಾಕ್ಯ ತಿದ್ದಿ ಬರೆಯುವುದು

ಸ್ವೀಡನ್ನಿನಲ್ಲಿ 1,066 ಜನರನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ‘ಇದನ್ನು ಮಾಡುತ್ತೇನೆ’ ಎಂಬ ಬಗೆಯ ಸಂಕಲ್ಪದವರಲ್ಲಿ ಶೇ 58.9 ಮಂದಿ ತಾವು ಗೆದ್ದೆವೆಂದರು. ‘ಇದನ್ನು ಬಿಡುತ್ತೇನೆ’ ಎಂದವರಲ್ಲಿ ಶೇ 47.1. ಬಿಡುವ ಸಂಕಲ್ಪವನ್ನು ಸಾಧ್ಯವಾದಷ್ಟೂ ಮಾಡುವ ಸಂಕಲ್ಪವಾಗಿ ತಿರುಗಿಸಿ. ‘ಮೊಬೈಲ್ ನೋಡುವುದು ಕಡಿಮೆ ಮಾಡುತ್ತೇನೆ’ ಎನ್ನುವ ಬದಲು ‘ರಾತ್ರಿ ಹತ್ತಕ್ಕೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಹಾಸಿಗೆಯಲ್ಲಿ ಎರಡು ಪುಟ ಓದುತ್ತೇನೆ’ ಎನ್ನಿ. ಇದು ಕೆಡುವುದು ಒಂದೇ ಕಾರಣಕ್ಕೆ: ಬೆಳಗಿನ ಅಲಾರಂ ಆ ಫೋನಿನಲ್ಲೇ ಇರುತ್ತದೆ, ಅದಕ್ಕಾಗಿ ಫೋನು ಮತ್ತೆ ದಿಂಬಿನ ಪಕ್ಕ ಬರುತ್ತದೆ. ಡಿಸೆಂಬರ್‌ನಲ್ಲೇ ಒಂದು ಅಲಾರಂ ಗಡಿಯಾರ ತಂದಿಡಿ.

ಮುಂದೆ ಹೊತ್ತು ಮತ್ತು ಜಾಗ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಿಂದ ತೋರಿಸುತ್ತ ಬಂದಿರುವುದು ಇದನ್ನೇ: ‘ಇಂಥ ಹೊತ್ತು ಬಂದಾಗ, ಇಂಥ ಕಡೆ, ಇದನ್ನು ಮಾಡುತ್ತೇನೆ’ ಎಂದು ಮುಂಚೆಯೇ ಗೊತ್ತು ಮಾಡಿಕೊಂಡವರು ಸುಮ್ಮನೆ ‘ಮಾಡುತ್ತೇನೆ’ ಎಂದವರಿಗಿಂತ ಹೆಚ್ಚು ಮಾಡುತ್ತಾರೆ. ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮದ ದಿನ, ಹೊತ್ತು, ಜಾಗ ಬರೆದುಕೊಟ್ಟವರ ಪೈಕಿ ಶೇ 91 ಮಂದಿ ಆ ವಾರ ವ್ಯಾಯಾಮ ಮಾಡಿದರು. ಏನೂ ಬರೆಯದವರಲ್ಲಿ ಶೇ 38. ವ್ಯಾಯಾಮದ ಲಾಭಗಳ ಬಗ್ಗೆ ಹುರಿದುಂಬಿಸುವ ಬರಹ ಓದಿಯೂ ಹೊತ್ತು ಗೊತ್ತು ಮಾಡದವರಲ್ಲಿ ಶೇ 35! ಪ್ರೇರಣೆಯ ವಿಡಿಯೊಗಳನ್ನು ನೋಡಿ ವರ್ಷ ಶುರು ಮಾಡುವವರು ಈ ಕೊನೆಯ ಅಂಕಿಯನ್ನು ಗಮನಿಸಬೇಕು. ಪೂಜೆಗೆ ಕೂತಾಗ ಪುರೋಹಿತರು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ಕೂತ ಊರು, ಮಾಡುವ ಕರ್ಮ ಎಲ್ಲವನ್ನೂ ಬಾಯಿಬಿಟ್ಟು ಹೇಳಿಸಿದ ಮೇಲೆಯೇ ಕೆಲಸ ಶುರುವಾಗುವುದು. ನಿಮ್ಮ ಸಂಕಲ್ಪವೂ ಅಷ್ಟು ನಿಖರವಾಗಿರಲಿ.

ಗಡಿಯಾರದ ಹೊತ್ತಿಗಿಂತ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟುವುದು ಲೇಸು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ. ‘ಆಫೀಸಿನಿಂದ ಬಂದ ಮೇಲೆ’ ಎಂಬ ಗೂಟ ಗಟ್ಟಿಯಲ್ಲ, ಟ್ರಾಫಿಕ್ಕಿನ ಮೇಲೆ ಅದು ದಿನಕ್ಕೊಂದು ಹೊತ್ತಿಗೆ ಸರಿಯುತ್ತದೆ. ಸ್ಕೂಲ್ ವ್ಯಾನ್ ಭಾನುವಾರ ಬರುವುದಿಲ್ಲ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಬರುವುದಿಲ್ಲ. ಅದನ್ನು ನೆಚ್ಚಿದವರು ರಜೆಯ ದಿನಕ್ಕೆ ಬೇರೆ ಗೂಟವನ್ನು ಅದೇ ಹಾಳೆಯಲ್ಲಿ ಬರೆದಿಡಬೇಕು.

ಎರಡು ಅಳತೆ

ಪ್ರತಿ ಸಂಕಲ್ಪಕ್ಕೂ ಎರಡು ಅಳತೆ ಬರೆಯಿರಿ: ಪೂರ್ಣ ಮತ್ತು ಕನಿಷ್ಠ. ಕನಿಷ್ಠದ್ದು ಜ್ವರವೊಂದನ್ನು ಬಿಟ್ಟು ಬೇರೆ ಯಾವ ದಿನವೂ ಆಗದು ಎನ್ನಲಾಗದಷ್ಟು ಸಣ್ಣದಿರಬೇಕು.

ನಡಿಗೆಯನ್ನು ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ. ಅಂದರೆ ಕನಿಷ್ಠ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ನಡೆಯುತ್ತ ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ವೇಗವಿರಲಿ. ಆದರೆ ಶುರು ಮಾಡುವುದು 10 ನಿಮಿಷದಿಂದ. ಎರಡು ವಾರಕ್ಕೊಮ್ಮೆ ಐದು ನಿಮಿಷ ಸೇರಿಸಿದರೆ ಒಂಬತ್ತನೇ ವಾರಕ್ಕೆ 30 ನಿಮಿಷ ಬರುತ್ತದೆ. ಕನಿಷ್ಠ ಅಳತೆ ಮಾತ್ರ ವರ್ಷವಿಡೀ ಒಂದೇ: ಶೂ ಹಾಕಿಕೊಂಡು ಬೀದಿಯ ತುದಿ ಮುಟ್ಟಿ ಬರುವುದು. ಅಷ್ಟೇ ಮಾಡಿದ ದಿನವೂ ಮಾಡಿದ ದಿನವೇ. ಮೊದಲ ವಾರವೇ ಒಂದು ಗಂಟೆ ನಡೆದವರಿಗೆ ಮೀನಖಂಡ ಹಿಡಿದುಕೊಂಡು, ಹಿಮ್ಮಡಿ ನೋವು ಬಂದು, ಎರಡನೇ ವಾರ ಮನೆಯಲ್ಲೇ ಕೂರಬೇಕಾಗುತ್ತದೆ. ಹಳೇ ಚಪ್ಪಲಿಯಲ್ಲಿ ನಡೆಯುವುದೂ ಇದಕ್ಕೆ ಕಾರಣ. ಶೂ, ಕಾಲುಚೀಲ, ಮನೆಯ ಬೀಗದ ಕೈ ಮೂರನ್ನೂ ರಾತ್ರಿಯೇ ಬಾಗಿಲ ಬಳಿ ಇಡಿ. ಬೆಳಿಗ್ಗೆ ಕಾಲುಚೀಲ ಹುಡುಕುವ ಐದು ನಿಮಿಷದಲ್ಲಿ ಮನಸ್ಸು ಹಿಂದೆ ಸರಿಯುತ್ತದೆ.

ಸಕ್ಕರೆ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ ಆರು ಚಮಚ, ಸುಮಾರು 25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ‘ಇದರೊಳಗಿದ್ದರೆ ಇನ್ನೂ ಒಳ್ಳೆಯದು’ ಎಂದು ಹೇಳುವ ದಿನದ ಮಿತಿ ಕಾಫಿಯಲ್ಲೇ ಮುಗಿಯಿತು. ಒಮ್ಮೆಲೇ ನಿಲ್ಲಿಸಿದರೆ ಕಾಫಿಯೇ ರುಚಿಸದೆ ನಾಲ್ಕನೇ ದಿನಕ್ಕೆ ಡಬ್ಬ ತೆರೆಯುತ್ತೀರಿ. ಜನವರಿ 1ರಿಂದ ಲೋಟಕ್ಕೆ ಒಂದೂವರೆ, ಸಂಕ್ರಾಂತಿ ಕಳೆದ ಮೇಲೆ ಒಂದು, ಫೆಬ್ರುವರಿ 1ರಿಂದ ಅರ್ಧ. ನಾಲಿಗೆ ಪ್ರತಿ ಮೆಟ್ಟಿಲಿಗೂ ಒಗ್ಗಿಕೊಳ್ಳುತ್ತದೆ. ಡಬ್ಬದಲ್ಲಿ ಒಂದೇ ಚಮಚ ಇರಲಿ, ತುಂಬಿದ್ದನ್ನು ಬೆರಳಿನಿಂದ ಮಟ್ಟ ಮಾಡಿ ಹಾಕಿ. ಗೋಪುರದಂತೆ ತುಂಬಿದ ಒಂದು ಚಮಚ ಮಟ್ಟಸದ ಎರಡಕ್ಕೆ ಹತ್ತಿರ. ಕಹಿ ಅನಿಸಿದರೆ ಡಿಕಾಕ್ಷನ್ ಸ್ವಲ್ಪ ಕಮ್ಮಿ, ಹಾಲು ಸ್ವಲ್ಪ ಜಾಸ್ತಿ. ಹೋಟೆಲಿನಲ್ಲಿ ಟೋಕನ್ ಕೊಡುವಾಗಲೇ ‘ಸಕ್ಕರೆ ಕಮ್ಮಿ’ ಎನ್ನಿ, ಲೋಟ ಕೈಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಈ ಲೆಕ್ಕದಲ್ಲಿ ಏನೂ ಇಳಿಯದು, ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಿಂಡಿಯ ಕ್ರಮ ಬದಲಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಉಳಿತಾಯದಲ್ಲಿ ಕೆಟ್ಟ ದಿನದ ಬದಲು ಕೆಟ್ಟ ತಿಂಗಳಿಗೆ ಅಳತೆ. ಜೂನ್‌ನಲ್ಲಿ ಶಾಲೆಯ ಫೀಸು, ಪುಸ್ತಕ, ಯೂನಿಫಾರಂ ಎಲ್ಲ ಕಟ್ಟಿಯೂ ಕೊಡಲಾಗುವಷ್ಟೇ ಆರ್.ಡಿ. (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಂತು ಇಡಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷ, 60 ಕಂತು. ಕಂತು ತಪ್ಪಿದರೆ 100 ರೂಪಾಯಿಗೆ ತಿಂಗಳಿಗೆ 1 ರೂಪಾಯಿ ದಂಡ. ತಿಂಗಳಿಗೆ 1,000 ಎಂದರೆ ಬಡ್ಡಿ ಬಿಟ್ಟು 60,000. ಬ್ಯಾಂಕಿನಲ್ಲಾದರೆ ಸಂಬಳ ಬಂದ ಮಾರನೇ ದಿನವೇ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ‘ಖರ್ಚು ಕಳೆದು ಉಳಿದದ್ದನ್ನು’ ಕಟ್ಟುವವರಿಗೆ ಏನೂ ಉಳಿಯುವುದಿಲ್ಲ. ಇದೊಂದು ಸಂಕಲ್ಪಕ್ಕೆ ನಿತ್ಯದ ಅಭ್ಯಾಸ ಬೇಡ, ಒಂದು ಸಹಿ ಸಾಕು.

ಗೋಡೆಯ ಕ್ಯಾಲೆಂಡರ್

ಮೊಬೈಲ್ ಆ್ಯಪ್‌ಗಿಂತ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕು ಬರೆಯುವ ಗೋಡೆ ಕ್ಯಾಲೆಂಡರೇ ಒಳ್ಳೆಯದು. ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಪೂರ್ಣ ಮಾಡಿದ ದಿನ ಸುತ್ತು, ಕನಿಷ್ಠ ಮಾಡಿದ ದಿನ ಚುಕ್ಕಿ, ತಪ್ಪಿದ ದಿನ ಖಾಲಿ. ಪೆನ್ನನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿ.

ಜನವರಿ 1ರಂದೇ ಆ ಕ್ಯಾಲೆಂಡರಿನಲ್ಲಿ ಎಡವುವ ದಿನಗಳನ್ನು ಗುರುತು ಮಾಡಿ. ಸಕ್ಕರೆ ಇಳಿಸುವವರಿಗೆ ಎರಡೇ ವಾರದಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಎದುರು ಬರುತ್ತವೆ. ‘ಹಬ್ಬದ ದಿನ ತಿನ್ನುತ್ತೇನೆ, ಮಾರನೇ ದಿನದ ಕಾಫಿ ಹಳೇ ಅಳತೆಗೆ ಹೋಗುವುದಿಲ್ಲ’ ಎಂದು ಬರೆದುಕೊಂಡರೆ ಹಬ್ಬವೂ ಉಳಿಯುತ್ತದೆ, ಸಂಕಲ್ಪವೂ. ಮಾರ್ಚ್ ಮಕ್ಕಳ ಪರೀಕ್ಷೆ, ಏಪ್ರಿಲ್–ಮೇ ಮದುವೆಗಳು, ಊರಿನ ಪ್ರಯಾಣ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ನಡಿಗೆ ಸೂರ್ಯ ಏರುವ ಮುಂಚೆ ಮುಗಿಯಬೇಕು. ಮಲೆನಾಡು, ಕರಾವಳಿಯಲ್ಲಿ ಜೂನ್ ಬಂದರೆ ಬೀದಿಯ ನಡಿಗೆ ಸಾಗದು. ಜಗಲಿಯ ಉದ್ದಕ್ಕೂ ಓಡಾಡುವುದೋ ಮೆಟ್ಟಿಲು ಹತ್ತಿಳಿಯುವುದೋ, ಮಳೆಗಾಲದ ಬದಲಿಯನ್ನು ಈಗಲೇ ಗೊತ್ತು ಮಾಡಿ. ಮಳೆ ಶುರುವಾದ ಮೇಲೆ ಯೋಚಿಸಲು ಕೂತವರು ದಸರೆಯವರೆಗೂ ಯೋಚಿಸುತ್ತಲೇ ಇರುತ್ತಾರೆ.

ತಪ್ಪಿದ ದಿನದ ಮಾರನೇ ದಿನವೇ ನಿಜವಾದ ಪರೀಕ್ಷೆ. ಲ್ಯಾಲಿ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಧಕ್ಕೆಯಾಗುವುದು ‘ಹೇಗೂ ಕೆಟ್ಟಿತು, ಇನ್ನು ಸೋಮವಾರದಿಂದ ನೋಡೋಣ’ ಎಂಬ ಮಾತಿನಿಂದ. ತಪ್ಪಿದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಎರಡರಷ್ಟು ಮಾಡಲೂ ಬೇಡಿ, ಮೂರನೇ ದಿನ ಮತ್ತೆ ತಪ್ಪುತ್ತದೆ. ಮರುದಿನ ಕನಿಷ್ಠ ಅಳತೆ ಮಾಡಿ ಚುಕ್ಕಿ ಇಡಿ, ಸಾಕು. ತಿಂಗಳ ಕೊನೆಗೆ ಎಣಿಸಿದಾಗ ಖಾಲಿ ಮನೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ ನಿಮ್ಮನ್ನು ಹಳಿದುಕೊಳ್ಳದೆ ಅಳತೆಯನ್ನು ಅರ್ಧ ಮಾಡಿ, ಕಟ್ಟಿದ ಗೂಟ ಬದಲಿಸಿ. ಖಾಲಿ ಮನೆಗಳೆಲ್ಲ ಒಂದೇ ವಾರಕ್ಕೆ ಬಿದ್ದಿವೆಯೋ, ಪ್ರತಿ ಭಾನುವಾರಕ್ಕೋ ಎಂದು ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ.

ಊರಿಗೆಲ್ಲ ಸಾರಬೇಕಿಲ್ಲ, ಒಬ್ಬರಿಗೆ ಹೇಳಿ. ಅವರು ಕೇಳಬೇಕಾದ ಪ್ರಶ್ನೆಯನ್ನೂ ನೀವೇ ಕೊಡಿ: ‘ಈ ವಾರ ಎಷ್ಟು ಸುತ್ತು, ಎಷ್ಟು ಚುಕ್ಕಿ?’ ‘ಮಾಡ್ತಿದ್ದೀಯಾ?’ ಎಂದು ಕೇಳಿದರೆ ‘ಹ್ಞೂಂ’ ಎಂದು ಜಾರಿಕೊಳ್ಳುವುದು ಬಹಳ ಸುಲಭ.

ಬೀಡಿ, ಗುಟ್ಕಾ, ಮದ್ಯ

ಇಲ್ಲಿ ಮೇಲಿನ ಕ್ರಮವೊಂದೇ ಸಾಲದು. ತಂಬಾಕು ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ಚಡಪಡಿಕೆ ಜೋರಾಗಿರುತ್ತವೆ, ವಾರಗಳು ಕಳೆದಂತೆ ತಗ್ಗುತ್ತವೆ. ಒಂದೊಂದು ಚಪಲದ ಅಲೆಯೂ ಕೆಲವು ನಿಮಿಷಗಳದ್ದು. ಆ ಹೊತ್ತಿಗೆ ನೀರು, ಲವಂಗ, ಏಲಕ್ಕಿ, ಜಾಗ ಬಿಟ್ಟು ಎದ್ದು ಹೋಗುವುದು ನೆರವಾಗುತ್ತದೆ. ಬಾಯಿಗೆ ಅಡಿಕೆ ಹಾಕಿಕೊಳ್ಳಬೇಡಿ, ಅಡಿಕೆಯೂ ಕ್ಯಾನ್ಸರ್ ತರುವ ವಸ್ತು. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ, ಕರೆ ಉಚಿತ: 1800-112-356.

ದಿನವೂ ಹೆಚ್ಚು ಕುಡಿಯುವವರು ಜನವರಿ 1ಕ್ಕೆ ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಕೈನಡುಕ, ಬೆವರಿನಿಂದ ಶುರುವಾಗಿ ಫಿಟ್ಸ್, ಭ್ರಮೆಯವರೆಗೆ ಹೋಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮಾತ್ರೆಯ ನೆರವಿನಿಂದ ಕ್ರಮವಾಗಿ ನಿಲ್ಲಿಸುವ ದಾರಿಯನ್ನು ಅವರು ಹಾಕಿಕೊಡುತ್ತಾರೆ. ಡಿಸೆಂಬರ್‌ನಲ್ಲೇ ಹೋಗಿ, ಜೊತೆಗೆ ಮನೆಯವರೊಬ್ಬರು ಇರಲಿ, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.